ಕೇಳಿ ಬಾ

ನಮ್ಮ ಪ್ರೌಢಶಾಲೆಯ ಕನ್ನಡ ಮೇಷ್ಟ್ರು ತೀರಿಕೊಂಡರೆಂಬ ಸುದ್ದಿ ಬಂದಾಗ ನಾನು ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಜಗಲಿಯೊಂದರಲ್ಲಿ ಕುಳಿತಿದ್ದೆ. ಸುಡಾನಿನಿಂದ ಮರಳಿದ್ದ, ಹಕ್ಕಿಪಿಕ್ಕಿ ಎಂಬ ಅಲೆಮಾರಿ ಬುಡಕಟ್ಟಿನ ಹೆಂಗಸೊಬ್ಬರು ಬೆರಳು ಮಡಚುತ್ತ ಅರಬ್ಬಿಯಲ್ಲಿ ಎಣಿಸಿ ತೋರಿಸುತ್ತಿದ್ದರು. 26 ವರ್ಷಗಳಿಂದ ಅಲೆಮಾರಿಗಳ ಬದುಕನ್ನು ವರದಿ ಮಾಡುತ್ತಿರುವ ನನ್ನನ್ನು ಈ ದಾರಿಗೆ ಹಚ್ಚಿದವರು ಮೇಷ್ಟ್ರೇ. ಅದೂ ಶಿಕ್ಷೆಯ ರೂಪದಲ್ಲಿ.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ, ಸುಗ್ಗಿ ಮುಗಿದ ಮೇಲೆ, ಎತ್ತಿನ ಮೇಲೆ ಕುಳಿತ ಹೆಳವ ಸಮುದಾಯದವನೊಬ್ಬ ಊರಿಗೆ ಬಂದು, ಒಕ್ಕಲು ಮನೆಗಳ ಮುಂದೆ ಅವರವರ ಏಳು ತಲೆಮಾರಿನ ಹೆಸರುಗಳನ್ನು ಒಂದೇ ಉಸಿರಿಗೆ ಹೇಳಿ ದವಸ ಪಡೆಯುತ್ತಿದ್ದನು. ಶಾಲೆಯ ಹಿಂದಿನ ಹುಣಸೆಮರಕ್ಕೆ ಅವನು ಕಟ್ಟಿದ್ದ ಎತ್ತಿನ ಹಗ್ಗವನ್ನು ನಾವು ಮೂವರು ಬಿಚ್ಚಿಬಿಟ್ಟೆವು. ಕೊರಳಗಂಟೆಯ ಸದ್ದು ಕೇಳಿ ಯಾರಾದರೂ ಓಡಿ ಬರುವಷ್ಟರಲ್ಲಿ ಅದು ಮುಖ್ಯೋಪಾಧ್ಯಾಯರು ಅಕ್ಕರೆಯಿಂದ ಬೆಳೆಸಿದ್ದ ಅವರೆಯ ಪಾತಿಯನ್ನು ಮೇಯ್ದು ಮುಗಿಸಿತ್ತು.

ಬೆತ್ತಕ್ಕೆ ಕೈಯೊಡ್ಡಿ ನಿಂತ ನಮಗೆ ಮೇಷ್ಟ್ರು ಹೊಡೆಯಲಿಲ್ಲ. “ಊರವರ ವಂಶವೆಲ್ಲ ಅವನು ಹೇಳ್ತಾನೆ. ಅವನ ವಂಶ ನೀವು ಬರ್ಕೊಂಡು ಬನ್ರಯ್ಯಾ” ಎಂದರು.

ಕೆರೆ ಏರಿಯ ಕೆಳಗಿದ್ದ ಗುಡಾರಕ್ಕೆ ಹೋಗಿ, ತಪ್ಪಾಯಿತೆಂದು ಹೇಳಿ, ನಾಲ್ಕು ಪುಟ ಬರೆದು ತಂದೆ. ‘ಇವರಿಗೆ ಮನೆಯಿಲ್ಲ’ ಎಂಬ ಮೊದಲ ವಾಕ್ಯದ ಸುತ್ತಲೇ ಕೆಂಪು ಶಾಯಿಯ ಗೆರೆ ಬಿತ್ತು. “ಅವನು ಹೇಳಿದ್ನೋ, ನೀನೇ ಅಂದ್ಕೊಂಡ್ಯೋ? ಕೇಳಿ ಬಾ.” ಮತ್ತೆ ಹೋದೆ. ಹೆಳವ ನಕ್ಕು, ತನ್ನೂರಿನಲ್ಲಿ ಮನೆಯೂ ಮಳೆಗಾಲಕ್ಕೆ ಉಳುವ ಎರಡು ಎಕರೆ ಹೊಲವೂ ಇವೆಯೆಂದೂ, ಈ ಸುತ್ತಿನ ಒಕ್ಕಲುಗಳು ಅಣ್ಣತಮ್ಮಂದಿರ ಪಾಲಿನಲ್ಲಿ ತನಗೆ ಬಂದ ಆಸ್ತಿಯೆಂದೂ ಹೇಳಿದನು.

ಆ ವರ್ಷದ ಪಠ್ಯದಲ್ಲಿ ಏನಿತ್ತೋ, ಒಂದಕ್ಷರವೂ ನೆನಪಿಲ್ಲ.

ಕೆಲವು ಸಮುದಾಯಗಳನ್ನೇ ಹುಟ್ಟು ಅಪರಾಧಿಗಳೆಂದು ಪಟ್ಟಿ ಮಾಡಿದ್ದ, 1871ರಲ್ಲಿ ಮೊದಲು ಜಾರಿಗೆ ಬಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ 1952ರಲ್ಲೇ ರದ್ದಾಗಿದ್ದರೂ, ಊರಿನಲ್ಲಿ ಕಳವಾದರೆ ಮೊದಲು ಗುಡಾರದ ಗಂಡಸರನ್ನೇ ಠಾಣೆಗೆ ಕರೆದೊಯ್ಯುವುದನ್ನು ಕಂಡು ಬರೆದಿದ್ದೇನೆ. ಖಾಯಂ ವಿಳಾಸವಿಲ್ಲದೆ ಪಡಿತರ ಚೀಟಿ ಸಿಗದ ಬುಡಬುಡಿಕೆಯವರನ್ನು, ಮಗುವಿನ ಜಾತಿ ಪ್ರಮಾಣಪತ್ರಕ್ಕಾಗಿ ಮೂರು ತಾಲ್ಲೂಕು ಸುತ್ತಿದ ಸುಡುಗಾಡು ಸಿದ್ಧರನ್ನು ಕುರಿತು ಬರೆದಿದ್ದೇನೆ. ನನ್ನ ವರದಿಯ ಬೆನ್ನಲ್ಲೇ ಕೆಲವರಿಗೆ ಚೀಟಿ ಸಿಕ್ಕಿತೆಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಈಗಿನ ಮಕ್ಕಳಿಗೂ ‘ಪ್ರಾಜೆಕ್ಟ್’ ಎಂಬುದೊಂದಿದೆ. ಅಂಗಡಿಯಲ್ಲಿ ಚಿತ್ರ ಮುದ್ರಿಸಿ ಅಂಟಿಸಿದರೆ ಅಂಕ ಬಂದುಬಿಡುತ್ತದೆ. ಮಕ್ಕಳನ್ನು ಗುಡಾರಕ್ಕೆ ಅಟ್ಟುವ ಮೇಷ್ಟ್ರ ಮೇಲೆ ಇಂದು ಪೋಷಕರು ದೂರು ಕೊಟ್ಟಾರು.

ಗಿಡಮೂಲಿಕೆ ಎಣ್ಣೆ ಮಾರಲು ಹೋಗಿ 2023ರ ಏಪ್ರಿಲ್‌ನಲ್ಲಿ ಸುಡಾನಿನ ಕಾಳಗದ ನಡುವೆ ಸಿಲುಕಿ, ಭಾರತ ಸರ್ಕಾರದ ತೆರವು ಕಾರ್ಯಾಚರಣೆ ‘ಆಪರೇಷನ್ ಕಾವೇರಿ’ಯ ಮೂಲಕ ಮರಳಿದ ಹಕ್ಕಿಪಿಕ್ಕಿಗಳ ಬಗ್ಗೆ ನಾನು ಬರೆದ ದೀರ್ಘ ಲೇಖನವನ್ನು ಮೇಷ್ಟ್ರ ಮನೆಗೆ ಒಯ್ದಿದ್ದೆ. ಹೊಗಳಿಸಿಕೊಳ್ಳುವ ಆಸೆಯಿತ್ತು. ಪೂರ್ತಿ ಓದಿ, ಕನ್ನಡಕ ತೆಗೆದು, “ಮನೇಲಿ ವಾಗ್ರಿ ಆಡೋ ಜನ. ಅಲ್ಲಿ ಆ ಗಿಡಮೂಲಿಕೆ ಎಣ್ಣೇನ ಯಾವ ಭಾಷೇಲಿ ಮಾರ್ತಿದ್ರಂತೆ?” ಎಂದರು.

ನಾನು ಕೇಳಿರಲಿಲ್ಲ.