ಅತ್ತೆಯ ಮಂಡಿ

ದೇಹದಾನದ ಫಾರ್ಮ್ ತುಂಬಬೇಕು, ಸಾಕ್ಷಿ ಸಹಿಗೆ ಬಾ ಎಂದು ಅತ್ತೆ ಕರೆದರು. ಕುಮಟಾದಿಂದ ಬಸ್ಸು ಹತ್ತಿ ಇಬ್ಬರೂ ಕಾರವಾರದ ಮೆಡಿಕಲ್ ಕಾಲೇಜಿಗೆ ಹೋದೆವು. ಅತ್ತೆ ಶಾಲೆ ಟೀಚರ್ ಆಗಿದ್ದವರು ಎಂದು ಗೊತ್ತಾದದ್ದೇ ತಡ, ಅಲ್ಲಿನ ಮೇಡಂ ದೇಹದ ಒಳರಚನೆ ಕಲಿಸುವ ಅನಾಟಮಿ ಮ್ಯೂಸಿಯಂ ತೋರಿಸಲು ಕರೆದುಕೊಂಡು ಹೋದರು.

ಒಳಗೆ ಕಾಲಿಟ್ಟರೆ ದೇಹ ಕೊಳೆಯದ ಹಾಗೆ ಇಡುವ ಫಾರ್ಮಲಿನ್ ದ್ರಾವಣದ ವಾಸನೆ, ಕಣ್ಣು ಉರಿ. ಅತ್ತೆಗೆ ಅದರ ಪರಿವೆಯೇ ಇಲ್ಲ. ಕಿವಿಯ ಮೂರು ಎಲುಬುಗಳ ಮುಂದೆ ನಿಂತುಬಿಟ್ಟರು. ಆಕಾರ ನೋಡಿ ಇಟ್ಟ ಹೆಸರುಗಳು: ಸುತ್ತಿಗೆ, ಅಡಿಗಲ್ಲು, ರಿಕಾಪು (ಕುದುರೆ ಸವಾರ ಕಾಲಿಡುವ ಕೊಂಡಿ). ರಿಕಾಪು ಮೂರು ಮಿಲಿಮೀಟರ್ ಅಷ್ಟೇ, ಅಕ್ಕಿಕಾಳಿಗಿಂತ ಚಿಕ್ಕದು. "ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದೆ ತಮಾ, ನೋಡಿದ್ದು ಇವತ್ತೇ" ಎಂದರು.

ಮುಂದೆ ಗಾಜಿನ ಜಾಡಿಯಲ್ಲಿ ಬಿಡಿಸಿಟ್ಟ ಮಂಡಿ. ತೊಡೆಯ ಎಲುಬಿನ ತುದಿಗೆ ಬೆಳ್ಳಗೆ, ನುಣ್ಣಗೆ ಇರಬೇಕಾದ ಮೃದ್ವಸ್ಥಿ ಒಂದು ಕಡೆ ಸವೆದು ಒಳಗಿನ ಎಲುಬೇ ಕಾಣುತ್ತಿತ್ತು. ಅತ್ತೆ ತಮ್ಮ ಬಲಮಂಡಿ ಮುಟ್ಟಿಕೊಂಡರು. "ಹಾಳಾದ ಮಂಡಿ ನಿಮಗೆ ಉಪಯೋಗ ಆಗ್ತದಾ?" ಮೇಡಂ ಹೇಳಿದರು, "ಮಕ್ಕಳು ಅದನ್ನೇ ನೋಡಬೇಕು ಟೀಚರ್. ನಾಳೆ ಅವರ ಹತ್ತಿರ ಬರೋದು ಅಂಥ ಮಂಡಿಯವರೇ ಅಲ್ವಾ?"

ಹಿಂದೆಲ್ಲ ದೇಹ ಯಾರು ಕೊಡ್ತಿದ್ದರು ಎಂದು ಅತ್ತೆ ಕೇಳಿದರು. ಮೇಡಂ ಗೋಡೆಯ ಮೇಲಿನ ಚಿತ್ರ ತೋರಿಸಿದರು. ಇಟಲಿಯ ಪಾದುವಾ ವಿಶ್ವವಿದ್ಯಾಲಯದಲ್ಲಿ 1595ರಲ್ಲಿ ಶುರುವಾದ ಅನಾಟಮಿ ಮಂಟಪ. ಮರದ ಆರು ಸುತ್ತು, ಕಿರಿದಾದ ಕೊಳವೆಯ ಹಾಗೆ. ವಿದ್ಯಾರ್ಥಿಗಳು ಒತ್ತೊತ್ತಾಗಿ ನಿಂತು ಕೆಳಗಿನ ಮೇಜಿನ ಕಡೆ ಬಗ್ಗಿ ನೋಡಬೇಕಿತ್ತು. ಫಾರ್ಮಲಿನ್ ಇಲ್ಲದ ಕಾಲ, ಹಾಗಾಗಿ ಕೊಯ್ದು ನೋಡುವ ಪಾಠ ಚಳಿಗಾಲದಲ್ಲೇ. ಮೇಜಿನ ಮೇಲೆ ಹೆಚ್ಚಾಗಿ ಗಲ್ಲಿಗೇರಿಸಿದವರ ದೇಹ. ಅವರನ್ನು ಯಾರೂ ಕೇಳಿರಲಿಲ್ಲ. ಈ ಮಾತು ನನಗೆ ಬಹಳ ನಾಟಿತು. ಅತ್ತೆಯನ್ನೂ ಯಾರೂ ಕೇಳಿರಲಿಲ್ಲ, ಅವರೇ ಬಂದಿದ್ದರು. ಎರಡಕ್ಕೂ ಎಷ್ಟು ಅಂತರ!

ಸಹಿ ಮಾಡುವಾಗ ಅತ್ತೆಯ ಅಕ್ಷರ ಎಂದಿನ ಹಾಗೆ ದುಂಡಗೆ ಬಂತು. ನನ್ನ ಕೈ ಸ್ವಲ್ಪ ನಡುಗಿತು.

ಸಹಿ ಒಂದೇ ಸಾಲದಂತೆ. ಅತ್ತೆ ತೀರಿಹೋದ ಮೇಲೆ ಕಾಲೇಜಿಗೆ ತಿಳಿಸಿ ದೇಹ ಒಪ್ಪಿಸಬೇಕಾದವರು ಮನೆಯವರು. ಅತ್ತೆಯ ಮಗ ಬೆಂಗಳೂರಲ್ಲಿದ್ದಾನೆ. ಅವನಿಗೆ ಆ ರಾತ್ರಿಯೇ ಫೋನ್ ಮಾಡಿದೆ. "ಅಮ್ಮನ ಕ್ರಿಯೆ ನಾನು ಮಾಡ್ಬೇಡ್ವಾ?" ಎಂದ. ಇನ್ನೂ ಒಪ್ಪಿಲ್ಲ. ಚೌತಿಗೆ ಊರಿಗೆ ಬಂದಾಗ ಅವನನ್ನು ಆ ಮ್ಯೂಸಿಯಂಗೆ ಕರೆದೊಯ್ಯಬೇಕು ಎಂದಿದ್ದಾರೆ ಅತ್ತೆ.