ಮೂಲೆಯ 25 ಅಡಿ

ಅಮೆರಿಕದ ನ್ಯೂಜೆರ್ಸಿ ರಾಜ್ಯದ ಹೊಬೋಕೆನ್ ಹಡ್ಸನ್ ನದಿಯ ದಡದ ಪುಟ್ಟ ನಗರ. ವಿಸ್ತೀರ್ಣ ಸುಮಾರು ಒಂದೂಕಾಲು ಚದರ ಮೈಲಿ, ಜನ ಅರವತ್ತು ಸಾವಿರದ ಆಸುಪಾಸು. 2017ರ ಜನವರಿಯ ನಂತರ ಏಳು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ರಸ್ತೆ ಅಪಘಾತಕ್ಕೆ ಒಂದು ಜೀವವೂ ಬಲಿಯಾಗಲಿಲ್ಲ. 2019ರಲ್ಲಿ ಮೇಯರ್ ರವಿ ಭಲ್ಲಾ ರಸ್ತೆ ಸಾವನ್ನು ಸೊನ್ನೆಗಿಳಿಸುವ ಗುರಿಯ 'ವಿಷನ್ ಝೀರೋ' ಆದೇಶ ಹೊರಡಿಸಿದ್ದು, 2022ರಲ್ಲಿ ವೇಗಮಿತಿ ಗಂಟೆಗೆ 20 ಮೈಲಿಗೆ ಇಳಿದದ್ದು ಸುದ್ದಿಯಾದವು. ರಸ್ತೆ ವಿನ್ಯಾಸದ ಕೆಲಸದಲ್ಲಿರುವ ನಾವು ಅದಕ್ಕಿಂತ ಮೊದಲು ನೋಡಬೇಕಾದ್ದು ಅಲ್ಲಿ ರಸ್ತೆಗಳು ಕೂಡುವ ಮೂಲೆಗಳನ್ನು.

ಜೀಬ್ರಾ ಪಟ್ಟಿಯಿಂದ 25 ಅಡಿಯೊಳಗೆ ಗಾಡಿ ನಿಲ್ಲಿಸಬಾರದು ಎಂಬ ಕಾನೂನು ಇಡೀ ನ್ಯೂಜೆರ್ಸಿಗೆ ಇದೆ. ಹೊಬೋಕೆನ್ ಮಾಡಿದ ಹೆಚ್ಚಿನ ಕೆಲಸವೆಂದರೆ, ಅಲ್ಲಿ ಗಾಡಿ ನಿಲ್ಲಿಸಲು ಸಾಧ್ಯವೇ ಆಗದಂತೆ ಮಾಡಿದ್ದು. ಹೀಗೆ ಮೂಲೆ ತೆರವು ಮಾಡಿ ದಾಟುವವರು ಕಾಣುವಂತೆ ಮಾಡುವುದಕ್ಕೆ 'ಡೇಲೈಟಿಂಗ್' ಎನ್ನುತ್ತಾರೆ.

ಇದು ಯಾಕೆ ಮುಖ್ಯ ಎನ್ನುವುದು ಲೆಕ್ಕದಲ್ಲೇ ಇದೆ. ಗಂಟೆಗೆ 20 ಮೈಲಿ ವೇಗದ ಕಾರು ಸೆಕೆಂಡಿಗೆ 29 ಅಡಿ ಸಾಗುತ್ತದೆ. ಆ ವೇಗದಲ್ಲಿ ಸುರಕ್ಷಿತವಾಗಿ ನಿಲ್ಲಲು ಅಮೆರಿಕದ ವಿನ್ಯಾಸ ಮಾನದಂಡ 115 ಅಡಿ ದೃಷ್ಟಿದೂರ ಕೇಳುತ್ತದೆ. 25 ಮೈಲಿಗೆ 155, 30ಕ್ಕೆ 200. ಮೂಲೆಯಲ್ಲಿ ಒಂದು ವ್ಯಾನ್ ನಿಂತಿದ್ದರೆ ದಾಟುವವರು ಅದರ ಮರೆಯಿಂದ ಹೊರಬಂದ ಮೇಲೆಯೇ ಚಾಲಕನಿಗೆ ಕಾಣುತ್ತಾರೆ. ಆಗ ಅಂತರ 30 ಅಡಿ ಇದ್ದರೆ ಉಳಿದಿರುವುದು ಒಂದೇ ಸೆಕೆಂಡು. ಎಂಥ ಒಳ್ಳೆಯ ಚಾಲಕನಿಗೂ ಅದು ಸಾಲದು. ವೇಗ ಇಳಿಸುವುದು, ಮೂಲೆ ತೆರವು ಮಾಡುವುದು ಜೊತೆಜೊತೆಗೇ ಆಗಬೇಕು.

ಬರೀ ಬಣ್ಣ ಬಳಿದರೆ ಡೆಲಿವರಿ ಗಾಡಿಗಳು ಅದರ ಮೇಲೆಯೇ ನಿಲ್ಲುತ್ತವೆ. ಬಣ್ಣದ ಜೊತೆಗೆ ಬಾಗುವ ಪ್ಲಾಸ್ಟಿಕ್ ಕಂಬಗಳು ಬೇಕು. ಕಾರಿನ ಅಗಲ ಆರು ಅಡಿ, ಹಾಗಾಗಿ ಕಂಬಗಳ ನಡುವೆ ಐದು ಅಡಿ ದಾಟಿದರೆ ನುಗ್ಗಿಯೇ ನುಗ್ಗುತ್ತಾರೆ. ಕಂಬಗಳು ಮುರಿಯುತ್ತವೆ, ಹಿಮ ತಳ್ಳುವ ಗಾಡಿಗಳಿಂದಂತೂ ಇನ್ನೂ ಬೇಗ. ಬದಲಿ ಕಂಬದ ಖರ್ಚು ಮೊದಲ ಅಂದಾಜುಪಟ್ಟಿಯಲ್ಲೇ ಇರಲಿ. ಸೈಕಲ್ ಸ್ಟ್ಯಾಂಡ್ ಇಟ್ಟರೆ ಜಾಗವೂ ತುಂಬುತ್ತದೆ, ನೋಟಕ್ಕೂ ಅಷ್ಟಾಗಿ ಅಡ್ಡವಾಗದು.

ಕಾಯಂ ಪರಿಹಾರವೆಂದರೆ ಫುಟ್‌ಪಾತನ್ನೇ ಮೂಲೆಯಲ್ಲಿ ರಸ್ತೆಯೊಳಗೆ ಚಾಚುವುದು. ಖರ್ಚು ಏರುವುದು ಕಾಂಕ್ರೀಟಿನಿಂದಲ್ಲ, ನೀರಿನಿಂದ. ಕರ್ಬ್, ಅಂದರೆ ಫುಟ್‌ಪಾತಿನ ಅಂಚುಗಲ್ಲು, ಮುಂದೆ ಬಂದ ತಕ್ಷಣ ಅಂಚಿನಲ್ಲಿ ಹರಿಯುವ ಮಳೆನೀರಿಗೆ ತಡೆಯಾಗಿ, ಜನ ದಾಟುವ ಜಾಗದಲ್ಲೇ ನೀರು ನಿಲ್ಲುತ್ತದೆ. ನೀರಿಳಿಯುವ ಜಾಲರಿಯನ್ನು ಇಳಿಜಾರಿನ ಮೇಲ್ಭಾಗಕ್ಕೆ ಸರಿಸಬೇಕು. ತಗ್ಗಿನಲ್ಲಿರುವ ಹೊಬೋಕೆನ್‌ಗೆ ನೆರೆಯ ಕಾಟವೂ ಉಂಟು, ಅದಕ್ಕಾಗಿ ವಾಷಿಂಗ್ಟನ್ ಸ್ಟ್ರೀಟಿನಂಥ ಕಡೆ ಚಾಚಿದ ಮೂಲೆಗಳಲ್ಲೇ ನೀರು ಇಂಗುವ ಗಿಡದ ಗುಂಡಿಗಳನ್ನು ಮಾಡಿದ್ದಾರೆ. ಅಗ್ನಿಶಾಮಕ ವಾಹನ ತಿರುಗುವ ಜಾಡನ್ನು ನಕ್ಷೆಯ ಮೇಲೆ ಎಳೆದು ನೋಡದೆ ಕರ್ಬ್ ಗೆರೆ ಅಂತಿಮಗೊಳಿಸಬೇಡಿ. ಇವನ್ನೆಲ್ಲ ಡಾಂಬರು ಹಾಕುವ ಸರದಿಗೇ ಹೊಂದಿಸಿದರೆ ಬೇರೆ ಟೆಂಡರ್ ಬೇಕಿಲ್ಲ.

ಸಿಗ್ನಲ್ ಇರುವಲ್ಲಿ ಗಾಡಿಗಳಿಗಿಂತ 3ರಿಂದ 7 ಸೆಕೆಂಡ್ ಮೊದಲು ಪಾದಚಾರಿಗಳಿಗೆ ಹಸಿರು ಕೊಡಿ. ಸೆಕೆಂಡಿಗೆ 3.5 ಅಡಿಯಂತೆ ನಡೆದರೂ ಏಳು ಸೆಕೆಂಡಿನಲ್ಲಿ 24 ಅಡಿ ದಾಟಿರುತ್ತಾರೆ, ತಿರುಗುವ ಚಾಲಕನ ಕಣ್ಣೆದುರೇ ಇರುತ್ತಾರೆ. ಕೆಂಪಿದ್ದಾಗಲೂ ಬಲಕ್ಕೆ ತಿರುಗಲು ಬಿಟ್ಟರೆ ಮಾತ್ರ ಈ ಏಳು ಸೆಕೆಂಡು ವ್ಯರ್ಥ.

ಅಮೆರಿಕದಲ್ಲಿ ಗಾಡಿಗಳು ರಸ್ತೆಯ ಬಲಬದಿಯಲ್ಲಿ ಸಾಗುತ್ತವೆ, ನಮ್ಮಲ್ಲಿ ಎಡಬದಿಯಲ್ಲಿ; ಹಾಗಾಗಿ ಕರ್ನಾಟಕದ ಎಂಜಿನಿಯರುಗಳು ಇದನ್ನು ಬಳಸುವುದಾದರೆ ಬದಿ ಅದಲುಬದಲಾಗುತ್ತದೆ. ನಮ್ಮಲ್ಲಿ ಇಮ್ಮುಖ ರಸ್ತೆಗೆ ಕಾಲಿಟ್ಟವರಿಗೆ ಮೊದಲು ಎದುರಾಗುವ ಗಾಡಿ ಬಲದಿಂದ ಬರುತ್ತದೆ, ಹಾಗಾಗಿ ಮೊದಲು ತೆರವಾಗಬೇಕಾದ್ದು ದಾಟುವವರ ಬಲಬದಿ. ಅಲ್ಲಿ ಕಾರಷ್ಟೇ ಅಲ್ಲ, ಟ್ರಾನ್ಸ್‌ಫಾರ್ಮರ್, ಫ್ಲೆಕ್ಸ್, ಆಟೊ ಸಾಲು ಎಲ್ಲವೂ ಇರಬಹುದು. ಕಾರಿನ ಬದಲು ದ್ವಿಚಕ್ರ ವಾಹನ ನಿಲ್ಲಿಸಿದರೆ ಸಾಕೆಂದುಕೊಳ್ಳಬೇಡಿ: ಅವುಗಳ ಹಿಂದೆ ದೊಡ್ಡವರು ಕಾಣುತ್ತಾರೆ, ಒಂದನೇ ತರಗತಿಯ ಮಗು ಕಾಣುವುದಿಲ್ಲ. ಸಮೀಕ್ಷೆಗೆ ಹೋದಾಗ ಜೀಬ್ರಾ ಪಟ್ಟಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ನೆಲದಿಂದ ಮೂರಡಿ ಎತ್ತರದಲ್ಲಿ ಫೋನ್ ಹಿಡಿದು ಬಲಗಡೆಯ ಫೋಟೊ ತೆಗೆಯಿರಿ. ಬರುವ ಗಾಡಿಯ ಚಾಲಕ ಅದರಲ್ಲಿ ಕಾಣದಿದ್ದರೆ, ಅಡ್ಡ ನಿಂತಿರುವುದು ಏನೆಂದು ಬರೆದುಕೊಂಡು, ತೆರವು ಪಟ್ಟಿಗೆ ಸೇರಿಸಿ.