ಬಿಸಿಲು ಗಿಡಕ್ಕೆ ಊಟ ತಾನೆ, ಮತ್ತೆ ಎಲೆ ಯಾಕೆ ಬಿಳಿಚಿಕೊಳ್ಳುತ್ತೆ?

"ಮನೆಯೊಳಗೆ ಸೊಂಪಾಗಿದ್ದ ಗಿಡವನ್ನು ಬಿಸಿಲಿಗಿಟ್ಟೆ. ನೀರೂ ಹಾಕಿದ್ದೆ. ಎರಡೇ ದಿನಕ್ಕೆ ಎಲೆ ಬೆಳ್ಳಗಾಯ್ತು, ಯಾಕೆ?" ಗಿಡ ಬೆಳೆಸುವ ಗೆಳೆಯರು ನನ್ನನ್ನು ಮತ್ತೆ ಮತ್ತೆ ಕೇಳುವುದು ಇದನ್ನೇ.

ನಮ್ಮ ಮನೆಯಲ್ಲೂ ಹೀಗಾಗಿತ್ತು. ಹಜಾರದಲ್ಲಿದ್ದ ಮನಿ ಪ್ಲಾಂಟನ್ನು ಏಪ್ರಿಲ್‌ನಲ್ಲಿ ತಾರಸಿಗೆ ಒಯ್ದಿಟ್ಟೆ. ಮೂರನೇ ದಿನ ಒಂದು ದೊಡ್ಡ ಎಲೆ ಬಿಳಿಚಿಕೊಂಡಿತ್ತು. ಅದರ ಮೇಲೆ ಒರಗಿದ್ದ ಚಿಕ್ಕ ಎಲೆಯನ್ನು ಎತ್ತಿ ನೋಡಿದೆ. ಅಡಿಯಲ್ಲಿ ಅದೇ ಆಕಾರದ ಹಸಿರು ಮಚ್ಚೆ! ನೆರಳು ಬಿದ್ದಷ್ಟು ಜಾಗ ಮಾತ್ರ ಉಳಿದುಕೊಂಡಿತ್ತು. ಸೆಕೆಯೂ ಸ್ವಲ್ಪ ಸೇರಿರುತ್ತದೆ, ಆದರೆ ಎಲೆಯನ್ನು ಕೆಡಿಸಿದ್ದು ಮುಖ್ಯವಾಗಿ ಬೆಳಕೇ.

ಬೆಳಕನ್ನು ಹಿಡಿಯುವುದು ಎಲೆಯ ಹಸಿರು ಬಣ್ಣವಾದ ಕ್ಲೋರೋಫಿಲ್. ಅದಕ್ಕೆ ಬೆಳಕನ್ನು ಬೇಡ ಅನ್ನಲು ಬರುವುದಿಲ್ಲ. ಆದರೆ ಹಿಡಿದ ಶಕ್ತಿಯಿಂದ ಸಕ್ಕರೆ ಮಾಡುವ ಕೆಲಸಕ್ಕೆ ಒಂದು ಮಿತಿಯಿದೆ. ಎಷ್ಟೋ ಗಿಡಗಳ ಎಲೆಗೆ ನಡುಮಧ್ಯಾಹ್ನದ ಬಿಸಿಲಿನ ಅರ್ಧದಷ್ಟೂ ಬೇಕಾಗುವುದಿಲ್ಲ. ಮಿಕ್ಕ ಶಕ್ತಿ ಪಕ್ಕದಲ್ಲೇ ಇರುವ ಆಮ್ಲಜನಕಕ್ಕೆ ತಗುಲಿದರೆ ಅದು ಕೆರಳಿ, ಕ್ಲೋರೋಫಿಲ್ ಸೇರಿದಂತೆ ಸುತ್ತಲಿನದ್ದನ್ನೆಲ್ಲ ಹಾಳುಮಾಡುತ್ತದೆ. ಹಸಿರು ಹೋಗಿ ಎಲೆ ಬಿಳಿಚಿಕೊಳ್ಳುವುದು ಹೀಗೆ.

ಇದನ್ನು ತಡೆಯಲು ಎಲೆ ಮಾಡುವ ಉಪಾಯ ನನಗೆ ತುಂಬಾ ಇಷ್ಟ. ಬೆಳಕು ಜಾಸ್ತಿಯಾದಾಗ, ಎಲೆಯ ಜೀವಕೋಶದಲ್ಲಿ ಕ್ಲೋರೋಫಿಲ್ ಇರುವ ಭಾಗವಾದ ಕ್ಲೋರೋಪ್ಲಾಸ್ಟ್‌ನ ಪುಟ್ಟ ಚೀಲಗಳೊಳಗೆ ಹುಳಿ ಏರುತ್ತದೆ. ಆ ಹುಳಿಯೇ ಎಚ್ಚರಿಕೆ. ಆಗ ವಯೋಲಾಕ್ಸಾಂಥಿನ್ ಎಂಬ ಬಣ್ಣ ಕೆಲವೇ ನಿಮಿಷಗಳಲ್ಲಿ ಜಿಯಾಕ್ಸಾಂಥಿನ್ ಆಗುತ್ತದೆ, ಮಿಕ್ಕ ಶಕ್ತಿ ಬಿಸಿಯಾಗಿ ಹೊರಹೋಗಲು ದಾರಿಯಾಗುತ್ತದೆ. ಹಳದಿ ಮೆಕ್ಕೆಜೋಳದ ಕಾಳಿನಲ್ಲಿ ಇರುವುದೂ ಇದೇ ಜಿಯಾಕ್ಸಾಂಥಿನ್. ಬೆಳಕು ಇಳಿದ ಮೇಲೆ ಅದು ಮೊದಲಿನ ರೂಪಕ್ಕೆ ಮರಳುತ್ತದೆ. ಇಷ್ಟಾದರೂ ಬೆಳಕಿನ ಶಕ್ತಿಯನ್ನು ಬಳಸುವ ವ್ಯವಸ್ಥೆಯ ಭಾಗವಾದ ಡಿ1 ಎಂಬ ಪ್ರೋಟೀನ್ ಪೆಟ್ಟು ತಿನ್ನುತ್ತಲೇ ಇರುತ್ತದೆ. ಎಲೆ ಅದನ್ನು ದಿನವೂ ಬಿಚ್ಚಿ ಹೊಸದಾಗಿ ಕಟ್ಟುತ್ತದೆ.

ಆದರೆ ಮೋಡ ಬಂದ ಕೂಡಲೇ ಶಕ್ತಿ ಬಿಸಿಯಾಗಿ ಹೋಗುವ ಈ ದಾರಿ ಮುಚ್ಚುವುದಿಲ್ಲ, ನಿಮಿಷಗಟ್ಟಲೆ ಬೇಕು. ಅಷ್ಟು ಹೊತ್ತು ಬೇಕಾದ ಶಕ್ತಿಯೂ ಪೋಲು. ಅಮೆರಿಕದ ಇಲಿನಾಯ್‌ನಲ್ಲಿ ವಿಜ್ಞಾನಿಗಳು ತಂಬಾಕಿನ ಗಿಡಕ್ಕೆ ಮೂರು ಜೀನ್‌ಗಳನ್ನು ಸೇರಿಸಿ ಇದನ್ನು ಬೇಗ ಮುಚ್ಚುವಂತೆ ಮಾಡಿದರು. ಹೊಲದಲ್ಲಿ ಆ ಗಿಡಗಳು ಸುಮಾರು 15 ಶೇಕಡ ಜಾಸ್ತಿ ತೂಗಿದವು ಎಂದು 2016ರಲ್ಲಿ ಪ್ರಕಟಿಸಿದರು.

ಈಗ ನಿಮ್ಮ ಗಿಡದ ವಿಷಯ. ನೆರಳಲ್ಲಿ ಬೆಳೆದ ಎಲೆಯಲ್ಲಿ ಈ ರಕ್ಷಣೆಯ ಬಣ್ಣಗಳ ದಾಸ್ತಾನು ಕಡಿಮೆ. ಒಮ್ಮೆಲೇ ಬಿಸಿಲಿಗಿಟ್ಟರೆ ತಡೆದುಕೊಳ್ಳುವುದಾದರೂ ಹೇಗೆ? ಮೊದಲು ಬೆಳಗಿನ ಎಳೆಬಿಸಿಲು ಒಂದು ಗಂಟೆ, ಆಮೇಲೆ ನಿಧಾನಕ್ಕೆ ಹೆಚ್ಚಿಸಿ, ಎರಡು ವಾರ ಕೊಡಿ. ಮನಿ ಪ್ಲಾಂಟ್‌ನಂಥವನ್ನು ಬೆಳಗಿನ ಬಿಸಿಲಿಗಷ್ಟೇ ನಿಲ್ಲಿಸಿ, ಮಧ್ಯಾಹ್ನದ ಬಿಸಿಲು ಬೇಡ. ಬೆಳ್ಳಗಾದ ಎಲೆ ಮತ್ತೆ ಹಸಿರಾಗುವುದಿಲ್ಲ. ನಮ್ಮ ಗಿಡ ಈಗ ಅರೆನೆರಳಲ್ಲಿದೆ. ಅಲ್ಲೇ ಹುಟ್ಟಿದ ಹೊಸ ಎಲೆಗಳು ಗಾತ್ರದಲ್ಲಿ ಚಿಕ್ಕವು, ಆದರೆ ಮುಟ್ಟಿದರೆ ದಪ್ಪ.